ಸೀಟಿಗಿಂತ ಮೊದಲು ನಮ್ಮ ಮಾವ

ಹೊರಕೆರೆದೇವಪುರದಲ್ಲಿ ನಮ್ಮಕ್ಕನ ಮದುವೆ. ಮಂಟಪದಲ್ಲಿ ನಾನಿದ್ದೆ, ಅವ್ವ ಇದ್ದಳು, ಬೀಗರ ಕಡೆಯ ನೂರು ಜನರಿದ್ದರು. ಎಲ್ಲರಿಗಿಂತ ಮೊದಲೇ ನಮ್ಮ ಸೋದರಮಾವ ಇದ್ದರು. ನಮ್ಮ ದೇಶದಲ್ಲಿ ಎಲ್ಲವೂ ತಡ ಎಂದು ಗೊಣಗುವವರು ಯಾರೋ, ಅವರು ಈ ಮಾವನನ್ನು ಕಂಡಿಲ್ಲ!

ಪುರೋಹಿತರು ಗಂಟಲು ಸರಿಮಾಡಿಕೊಂಡರಷ್ಟೇ, ಮಾವನ ಅಕ್ಷತೆ ಹಾರಿತು. ಅದನ್ನು ನೋಡಿ ಸಭೆಯೆಲ್ಲ ಎರಚಿತು. ವಾಲಗದವರು ಗಟ್ಟಿಮೇಳವನ್ನೇ ಹಿಡಿದುಬಿಟ್ಟರು!

"ಗೌಡ್ರೇ, ಹೆಣ್ಣು ಇನ್ನೂ ಹಸೆಗೇ ಬಂದಿಲ್ರಿ!" ಎಂದರು ಪುರೋಹಿತರು.

"ಬರ್ತಾಳೆ ಬಿಡ್ರಿ, ಎಲ್ಲಿಗೋಗ್ತಾಳೆ!"

ಮದುವೆಯಲ್ಲಾದರೆ ನಕ್ಕು ಬಿಡಬಹುದು. ಹಗ್ಗಜಗ್ಗಾಟದಲ್ಲಿ? ಸ್ವಾತಂತ್ರ್ಯ ದಿನದ ಆಟಕ್ಕೆ ಹೊಸದುರ್ಗಕ್ಕೆ ಹೋಗುತ್ತಿದ್ದ ನಮ್ಮೂರು ಹರಿಯಬ್ಬೆಯ ತಂಡದಲ್ಲಿ ಮಾವನಷ್ಟು ಕಸುವಿನವರಿಲ್ಲ. ಆದರೆ ಸೀಟಿಗೆ ಮೊದಲು ಎರಡು ಸಲ ಎಳೆದರೆ ಸೋಲು. "ಹೈಸಾ!" ಎಂದು ಕೂಗಿ ಮಾವ ಎಳೆದೇ ಎಳೆದರು, ಎರಡು ವರ್ಷ ಸೋತೆವು. ಮೂರನೇ ವರ್ಷ ಹುಡುಗರು, "ಹಗ್ಗ ಮುಟ್ಟಬ್ಯಾಡ್ರಿ ಮಾವ" ಎಂದರು. ಆರು ಮುದ್ದೆ ನುಂಗುವ ಮನುಷ್ಯ ಆ ದಿನ ಒಂದನ್ನೂ ಮುರಿಯಲಿಲ್ಲ.

ನೋಡಲಾರದೆ ಅತ್ತೆಯೇ ದಾರಿ ಹುಡುಕಿದಳು. "ಕೈಗೆ ಹಗ್ಗ ಕೊಡಬ್ಯಾಡ್ರಲೇ. ಬಾಯಿ ಯಾಕೆ ಕಟ್ತೀರಿ? ಪಕ್ಕದಾಗೆ ನಿಂತು ಕೂಗ್ಲಿ!"

ಎಂಟು ದಿನ ಕುರಿಹಟ್ಟಿಯ ಮುಂದೆ ಅಭ್ಯಾಸ. ಮಾವ ಮನಸ್ಸು ಬಂದಾಗಲೆಲ್ಲ ಕೂಗಬೇಕು, ಹುಡುಗರು ಸೀಟಿಗಷ್ಟೇ ಎಳೆಯಬೇಕು. ಕೊನೆಗೆ ಕುರಿಗಳು ಬೆಚ್ಚಿ ಬೇಲಿ ಹಾರಿದರೂ ಹುಡುಗರು ಕದಲಲಿಲ್ಲ!

ಹೊಸದುರ್ಗದಲ್ಲಿ ಎದುರಿಗೆ ತೆಂಗಿನಕಾಯಿ ಮೂಟೆ ಹೊರುವ ಎಂಟು ಭೀಮರು. "ಹೈಸಾ!" ಎಂದರು ಮಾವ. ಭೀಮರು ಎಳೆದುಬಿಟ್ಟರು! ಒಂದು ತಪ್ಪು.

"ಅವ್ರು ಕೂಗಿದ್ರು ಸಾರ್!"

"ಕೂಗಿದ್ದು ಅವ್ರು. ಎಳ್ದಿದ್ದು ಯಾರಪ್ಪ?" ಎಂದರು ತೀರ್ಪುಗಾರರು.

ಇನ್ನೊಂದು ತಪ್ಪಾದರೆ ಆಟ ಹೋಯಿತು. ಭೀಮರ ಹದಿನಾರು ಕಣ್ಣೂ ಈಗ ಮಾವನ ಬಾಯಿಯ ಮೇಲೆ. ಮಾವ ಎದೆಯುಬ್ಬಿಸಿ ಬಾಯಿ ತೆರೆದರು. ಸದ್ದೇ ಇಲ್ಲ! ಸೀಟಿ ಕೂಗಿತು. ಭೀಮರು ಇನ್ನೂ ಆ ಬಾಯನ್ನೇ ನೋಡುತ್ತಿದ್ದರು. ಅಷ್ಟರಲ್ಲಿ ನಮ್ಮವರು ಅವರನ್ನು ಗೆರೆಯೀಚೆಗೆ ಎಳೆದು ಮಲಗಿಸಿದ್ದರು!

ಬಸ್ಸಿನ ಮೇಲೆ ಹತ್ತಿಸಿ ಮಾವನನ್ನು ಊರಿಗೆ ತಂದೆವು.

"ಹೆಂಗೆ ತಡ್ಕಂಡ್ರಿ ಮಾವ?" ಎಂದು ಕೇಳಿದೆ.

"ನಾಲಿಗೆ ಕಚ್ಕಂಡಿದ್ದೆ ಕಣವ್ವ. ನೋಡಿಲ್ಲಿ, ರಕ್ತ!"

ಮರುವರ್ಷ ನನ್ನ ಮದುವೆ. ಮಾವನ ಕೈಗೆ ಅಕ್ಷತೆ ಕೊಡಲೇಬೇಡಿ ಎಂದು ಅವ್ವ ಎಲ್ಲರಿಗೂ ಹೇಳಿದ್ದಳು. ನಾನೇ ಕರೆದು ಕೊಟ್ಟೆ. ಗಟ್ಟಿಮೇಳವಾಯಿತು, ತಾಳಿಯಾಯಿತು, ಎಲ್ಲರ ಅಕ್ಷತೆಯೂ ಬಿತ್ತು. ತಲೆಯೆತ್ತಿ ನೋಡಿದರೆ ಮಾವ ಮುಷ್ಟಿ ಬಿಗಿಹಿಡಿದು ನಿಂತೇ ಇದ್ದರು, ಕಣ್ಣಲ್ಲಿ ನೀರು.

"ಈಗ ಹಾಕ್ಲೇನವ್ವ?" ಎಂದರು.