ಎಲ್ಲರೂ ಆಪ್ತರು

ಗಡಿಯಾರ ರಿಪೇರಿಯವನ ಫಜೀತಿಗೆಲ್ಲ ಮೂಲ ಒಂದು ಗೋಡೆ ಗಡಿಯಾರ. ಅದು ಅವನು ನಡೆಸುವ ಚೀಟಿ ಆಟದ ಬಹುಮಾನ. ವಠಾರದವರು ನಿಜವಾದ ಕ್ರಿಕೆಟ್ ಆಟಗಾರರಲ್ಲಿ ಹನ್ನೊಂದು ಮಂದಿಯನ್ನು ಆರಿಸಿ ಚೀಟಿಯಲ್ಲಿ ತಂಡ ಕಟ್ಟುವುದು, ಅವರು ಮೈದಾನದಲ್ಲಿ ಆಡಿದಂತೆ ಇವನು ಅಂಕ ಹಾಕುವುದು. ಪಂದ್ಯದ ಸಂಜೆ ಏಳೆಂಟು ಜನ ಅವನ ಕೋಣೆಯ ಟಿವಿ ಮುಂದೆ ಕೂರುತ್ತಿದ್ದರು. ಮಿಕ್ಕ ದಿನ ಆ ಕೋಣೆಯಲ್ಲಿ ಸದ್ದು ಮಾಡುತ್ತಿದ್ದುದು ಗಡಿಯಾರಗಳು ಮಾತ್ರ.

ಅವತ್ತು ಬೆಳಿಗ್ಗೆ ಮೇಲ್ಮನೆಯ ನಿವೃತ್ತ ಹೆಡ್ ಕ್ಲರ್ಕ್ ಪತ್ರಿಕೆ ಹಿಡಿದೇ ಇಳಿದು ಬಂದರು. ಬಹುಮಾನವಿರುವ ಇಂಥ ಆಟಗಳಿಗೆ ಇನ್ನು ಸರ್ಕಾರದ ಲೈಸೆನ್ಸು ಬೇಕಂತೆ. ಲೈಸೆನ್ಸಿಲ್ಲದ ಕಡೆ ತಾವೂ ಕಾಲಿಡುವುದಿಲ್ಲ, ಬೇರೆಯವರನ್ನೂ ಬಿಡುವುದಿಲ್ಲ ಎಂದರು. ಬಹುಮಾನ ಬಿಟ್ಟು ಸುಮ್ಮನೆ ಆಡೋಣ ಎಂದು ಇವನು ಅಂಗಲಾಚಿದ.

"ಬಹುಮಾನ ಇಲ್ದೆ ಯಾರು ಬರ್ತಾರೆ?" ಎಂದು ಎದುರುಮನೆಯ ದರ್ಜಿಯಮ್ಮ ಕಿಟಕಿಯಿಂದಲೇ ಕೇಳಿದಳು.

ಆ ಮಾತು ಅವನಿಗೆ ಚುಚ್ಚಿತು. ಪಂದ್ಯ ಅವತ್ತೇ ಸಂಜೆ. ಅಂಗಡಿ ಮುಚ್ಚಿ, ಬಹುಮಾನವನ್ನು ಕಂಕುಳಲ್ಲಿ ಇಟ್ಟುಕೊಂಡು ಲೈಸೆನ್ಸು ಕೊಡುವ ಕಚೇರಿಗೆ ಓಡಿದ. ಬೇಡವೆಂದರೂ ಹೆಡ್ ಕ್ಲರ್ಕ್ ಬೆನ್ನು ಹತ್ತಿದರು.

ಕಚೇರಿಯಲ್ಲಿ ಒಬ್ಬ ಗುಮಾಸ್ತ ನಿಮ್ಮ ಕಂಪನಿಯ ಹೆಸರೇನೆಂದ, ಇನ್ನೊಬ್ಬ ಬಹುಮಾನವನ್ನು ಕೀ ಕೊಟ್ಟು ತೋರಿಸೆಂದ. ಕೀ ಕೊಟ್ಟದ್ದೇ ತಡ, ಹನ್ನೊಂದೂವರೆಗೆ ಗಡಿಯಾರ ಢಣ್ಣನೆ ಒಂದು ಹೊಡೆಯಿತು. ಒಂದು ಗಂಟೆಯಾಯಿತೆಂದು ಇಡೀ ಕಚೇರಿ ಊಟಕ್ಕೆ ಎದ್ದು ಹೋಯಿತು. ಅವರು ತಿರುಗಿ ಬಂದದ್ದು ಮೂರಕ್ಕೆ.

ಅರ್ಜಿಯ ಕೊನೆಯಲ್ಲಿ ಆಡುವವರಿಗೂ ನಡೆಸುವವರಿಗೂ ಏನು ಸಂಬಂಧ ಎಂಬ ಪ್ರಶ್ನೆಯಿತ್ತು.

"ಪರಿಚಯ ಮಾತ್ರ ಅಂತ ಬರಿ ಕಣಯ್ಯಾ, ಜಾಸ್ತಿ ಬೇಡ," ಎಂದು ಹೆಡ್ ಕ್ಲರ್ಕ್ ಪಿಸುಗುಟ್ಟಿದರು.

ನಿನಗೆ ಯಾರಿದ್ದಾರೆ ಎಂದು ಅವನನ್ನು ಇದುವರೆಗೆ ಯಾವ ಕಾಗದವೂ ಕೇಳಿರಲಿಲ್ಲ. ದುಂಡಗೆ ಬರೆದ: ಎಲ್ಲರೂ ಆಪ್ತರು.

ಅಧಿಕಾರಿ ಕತ್ತೆತ್ತಿದರು. "ನಿಜವಾಗ್ಲೂ?"

"ಹೌದು ಸಾರ್. ಪಂದ್ಯ ಇದ್ರೆ ಒಬ್ರೂ ತಪ್ಪಿಸಲ್ಲ."

ಅಧಿಕಾರಿ ಲೈಸೆನ್ಸಿನ ಕೆಳಗೆ ಕೈಯಲ್ಲೇ ಒಂದು ಸಾಲು ಸೇರಿಸಿ ಮೊಹರು ಒತ್ತಿದರು. ಸಂತೋಷದಲ್ಲಿ ಇವನು ಅದನ್ನು ಓದಲಿಲ್ಲ.

ಸಂಜೆ ಕೋಣೆ ತುಂಬಿತು. ಹೆಡ್ ಕ್ಲರ್ಕ್ ಕನ್ನಡಕ ಏರಿಸಿ ಲೈಸೆನ್ಸನ್ನು ಮೊದಲಿನಿಂದ ಓದಿದರು. ಕೊನೆಯ ಸಾಲು ಹೀಗಿತ್ತು: ನಡೆಸುವವರು ಆಡುವವರಿಗೆ ಆಪ್ತರಾದ ಕಾರಣ, ಪಂದ್ಯ ಮುಗಿಯುವವರೆಗೆ ಅವರ ಜೊತೆ ಇರತಕ್ಕದ್ದಲ್ಲ.

ಯಾರೋ ಅವನ ಕುರ್ಚಿಯನ್ನು ಮೆಟ್ಟಿಲ ಬಳಿ ಇಟ್ಟುಕೊಟ್ಟರು. ಕೋಣೆಯ ಬಾಗಿಲು ಮುಚ್ಚಿತು. ಅಂಕದ ಹಾಳೆ, ಸಣ್ಣ ರೇಡಿಯೋ ಹಿಡಿದು ಅವನು ಹೊರಗೆ ಕೂತ. ಒಳಗಿನ ನಗು ಕೇಳುತ್ತಿತ್ತು.

ಸ್ವಲ್ಪ ಹೊತ್ತಿಗೆ ಬಾಗಿಲು ತುಸು ತೆರೆಯಿತು. ಅವನು ಥಟ್ಟನೆ ಎದ್ದು ನಿಂತ. ದರ್ಜಿಯಮ್ಮ ತಲೆ ಹೊರಹಾಕಿದಳು.

"ಟಿವಿ ಸೌಂಡ್ ಜಾಸ್ತಿ ಮಾಡೋದು ಯಾವ ಗುಂಡಿ?"

ಅವನು ಹೇಳಿದ. ಬಾಗಿಲು ಮುಚ್ಚಿತು.