ಬೀಗರ ಮನೆಗೆ ಹೊರಟ ಕಾರು

ನಮ್ಮ ಮನೆಯಲ್ಲಿ ಯಾವುದೂ ಒಂದೇ ಸಲಕ್ಕೆ ಶುರು ಆಗುವುದಿಲ್ಲ. ಸ್ಟೋವಿಗೆ ಮೂರು ಸಲ ಪಿನ್ ಹಾಕಬೇಕು, ರೇಡಿಯೋಕ್ಕೆ ಎರಡು ಏಟು ಹಾಕಬೇಕು, ನಾನು ಎಸ್ಸೆಸ್ಸೆಲ್ಸಿಗೆ ಎರಡು ಸಲ ಕೂತರೂ ಪಾಸಾಗಿಲ್ಲ. ಇಂಥ ಮನೆಗೆ ನಮ್ಮಪ್ಪ ಒಂದು ಕಾರು ತಂದ.

ಕಾರಣ ನಮ್ಮಕ್ಕ. ಹರಪನಹಳ್ಳಿಯ ಹೈಸ್ಕೂಲ್ ಮಾಸ್ತರೊಬ್ಬ ಕೊಟ್ಟೂರಿಗೆ ಬಂದು ಅಕ್ಕನನ್ನು ನೋಡಿ ಒಪ್ಪಿಕೊಂಡು ಹೋಗಿದ್ದ. ಅಕ್ಕನಿಗೂ ಮನಸ್ಸಿತ್ತು. ಉಳಿದದ್ದು ಹುಡುಗನ ಅಜ್ಜಿ ಒಬ್ಬಳೇ. ಅವಳಿಗೆ ನಡೆಯಲು ಆಗುತ್ತಿರಲಿಲ್ಲ. "ಮನಿ ನೋಡಾಕ ಬರುವಾಗ ಹುಡುಗೀನೂ ಕರಕೊಂಡು ಬರ್ರಿ, ಅಮ್ಮ ನೋಡಿದ್ರ ಮುಗೀತು" ಅಂತ ಹುಡುಗನ ಅಪ್ಪ ಹೇಳಿ ಕಳಿಸಿದ್ದ. ಅಷ್ಟಕ್ಕೆ ಅಪ್ಪ ಸುಮ್ಮನೆ ಹ್ಞೂಂ ಅನ್ನಬಹುದಿತ್ತು. "ನಮ್ಮ ಸ್ವಂತ ಕಾರಿನಾಗ ಬರ್ತೀವ್ರಿ" ಅಂದುಬಿಟ್ಟ.

ನಮ್ಮಪ್ಪ ಬಸ್ ಕಂಡಕ್ಟರ್. ಇಪ್ಪತ್ತು ವರ್ಷ ನಿಂತುಕೊಂಡೇ ಊರೂರು ತಿರುಗಿದವ. "ಮಗಳ ಮನಿ ನೋಡಾಕಾದ್ರೂ ಕುಂತು ಹೋಗ್ತೀನಲೇ" ಅಂತ ಅವನ ಹಟ. ಹಟ ಚೆನ್ನಾಗಿತ್ತು. ಕಾರು ಚೆನ್ನಾಗಿರಲಿಲ್ಲ.

ಜೋಡಿ ಚಲೋ ಐತಿ

ಅದು ಚಿಗಟೇರಿಯ ಸಾಹುಕಾರರೊಬ್ಬರ ಹಿತ್ತಿಲಲ್ಲಿ ಒಂಬತ್ತು ವರ್ಷದಿಂದ ನಿಂತಿತ್ತು. ಸಣ್ಣ ಗಾಡಿ. ಮೂತಿಯ ಮೇಲಿನ ಅಕ್ಷರಗಳೆಲ್ಲ ಉದುರಿ, ಅದು ಯಾವ ಕಂಪನಿಯದು ಅನ್ನುವುದು ಸಾಹುಕಾರರಿಗೂ ಮರೆತಿತ್ತು. ಒಂದು ಎಮ್ಮೆ ಬೆಲೆಗಿಂತ ಕಡಿಮೆಗೆ ಕೊಟ್ಟರು. ಕೊಟ್ಟ ಮೇಲೆ ಅಪ್ಪನ ಮನಸ್ಸು ಬದಲಾಗಬಾರದು ಅಂತ ಊರ ಹೊರಗಿನ ತನಕ ಬಂದು ಕಳಿಸಿದರು.

ಬಾಡಿಗೆಗೆ ಒಂದು ಜೋಡಿ ಎತ್ತು ಹಿಡಿದು, ಕಾರಿಗೆ ಹಗ್ಗ ಕಟ್ಟಿ, ಕೊಟ್ಟೂರಿನ ಕಡೆ ಎಳೆಸಿಕೊಂಡು ಹೊರಟೆವು. ಅಪ್ಪ ಸ್ಟೇರಿಂಗ್ ಹಿಡಿದು ರಾಜನ ಹಾಗೆ ಕೂತಿದ್ದ. ಹಾರನ್ ಇರಲಿಲ್ಲ, ತಿರುವಿನಲ್ಲೆಲ್ಲ ಕಂಡಕ್ಟರ್ ಸೀಟಿ ಊದುತ್ತಿದ್ದ. ನಾನು ಹಿಂದಿನ ಸೀಟಿನಲ್ಲಿ ಕೂತು ಎದುರು ಸಿಕ್ಕವರಿಗೆಲ್ಲ ಮಂತ್ರಿಯ ಹಾಗೆ ಕೈ ಮುಗಿಯುತ್ತಿದ್ದೆ.

ದಾರಿಯ ಹಳ್ಳಿಯೊಂದರಲ್ಲಿ ಎತ್ತಿಗೆ ನೀರು ಕುಡಿಸಲು ನಿಂತೆವು. ಕಟ್ಟೆಯ ಮೇಲಿದ್ದ ಮುದುಕಪ್ಪ ಒಬ್ಬ ಎದ್ದು ಬಂದ. ಎತ್ತುಗಳ ಸುತ್ತ ಒಂದು ಸುತ್ತು ಹಾಕಿದ. ಹಲ್ಲು ನೋಡಿದ, ಬೆನ್ನು ತಟ್ಟಿದ.

"ಜೋಡಿ ಚಲೋ ಐತಿ. ಕೊಡ್ತೀರೇನು?"

"ಎತ್ತು ನಮ್ಮವಲ್ಲ ಯಜಮಾನ್ರ" ಅಂದ ಅಪ್ಪ, ಎದೆ ಉಬ್ಬಿಸಿ. "ಹಿಂದಿಂದು ನಮ್ದು."

ಮುದುಕಪ್ಪ ಆಗ ಮೊದಲ ಸಲ ಕಾರಿನ ಕಡೆ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಕಿಟಕಿಯಲ್ಲಿ ಕೈ ಹಾಕಿ ಅಪ್ಪನ ಭುಜ ಮುಟ್ಟಿ, "ಇರ್ಲಿ ಬಿಡಪ್ಪ. ಮನುಷ್ಯಾಗ ಒಂದೊಂದು ಸಲ ಹಿಂಗ ಆಗತೈತಿ" ಅಂದ.

ಇಪ್ಪತ್ತೊಂದು ದಿನ

ಕೊಟ್ಟೂರಿನಲ್ಲಿ ಒಬ್ಬ ಮಿಸ್ತ್ರಿ ಚಾಚಾ ಇದ್ದ. ಲಾರಿಯಿಂದ ಹಿಡಿದು ಹೊಲಿಗೆ ಮಶೀನಿನ ತನಕ ಎಲ್ಲಾ ರಿಪೇರಿ ಮಾಡುವವ. "ಶುಕ್ರವಾರ ನಮಾಜು ಮುಗಿಸ್ಕೊಂಡು ಬರ್ತೀನಿ" ಅಂದಿದ್ದ. ಯಾವ ಶುಕ್ರವಾರ ಅಂತ ಹೇಳಿರಲಿಲ್ಲ. ಅವನು ಬರುವಷ್ಟರಲ್ಲಿ ನಮ್ಮವ್ವ ಡ್ರೈವರ್ ಸೀಟಿನ ನಾರಿನ ಮೇಲೆ ಕೋಳಿಯನ್ನು ಕಾವಿಗೆ ಕೂರಿಸಿಬಿಟ್ಟಿದ್ದಳು.

ಚಾಚಾ ಬಾಗಿಲು ತೆಗೆದ. ಕೋಳಿ ಅವನ ಮೂಗನ್ನೇ ಕುಕ್ಕಲು ಬಂತು.

"ಮುಟ್ಟಬ್ಯಾಡ್ರಿ!" ಅಂತ ಅವ್ವ ಒಳಗಿನಿಂದ ಓಡಿ ಬಂದಳು. "ಕಾವಿಗೆ ಕುಂತ ಕೋಳಿ ಎಬ್ಬಿಸಬಾರ್ದು. ಇಪ್ಪತ್ತೊಂದು ದಿನ, ಮರಿ ಆಗೋತನ ಯಾರೂ ಅದರ ಹತ್ರ ಹೋಗಂಗಿಲ್ಲ."

"ಅವ್ವಾ, ನಿನ್ನ ಕೋಳಿ ಸಲುವಾಗಿ ನನ್ನ ಮದುವಿ ಮುಂದಕ್ಕ ಹೋತು" ಅಂದಳು ಅಕ್ಕ.

"ಬ್ಯಾರೆ ಗಂಡು ಸಿಗತೈತಿ ತಗಾ. ಇಂಥಾ ಕೋಳಿ ಸಿಗಂಗಿಲ್ಲ."

ಹರಪನಹಳ್ಳಿಗೆ ದಿನ ಮುಂದಕ್ಕೆ ಹಾಕಿದೆವು ಅಂತ ಕಾರ್ಡು ಬರೆದದ್ದಾಯಿತು. ಚಾಚಾ ದಿನಾ ಸಂಜೆ ಬಂದು ಬೇಲಿಯ ಹೊರಗಿನಿಂದಲೇ, "ಏನ್ರಿ ಬಾಯಾರ, ಹೆರಿಗಿ ಆತೇನು?" ಅಂತ ಕೇಳಿಕೊಂಡು ಹೋಗುತ್ತಿದ್ದ. ಅಂತೂ ಆ ತಿಂಗಳು ನಮ್ಮ ಕಾರಿನಲ್ಲಿ ಒಟ್ಟು ಎಂಟು ಸಾಮಾನಿಗೆ ಜೀವ ಬಂತು. ಎಂಟೂ ಚಿಂವ್ ಚಿಂವ್ ಅನ್ನುತ್ತಾ ಇಳಿದು ಹೋದವು.

ಹಗರಿಬೊಮ್ಮನಹಳ್ಳಿಗೆ ಹೋಗಿ ಬಂದದ್ದು

ಕೋಳಿ ಇಳಿದ ಮೇಲೆ ಚಾಚಾ ಇಂಜಿನ್ನು ಬಿಚ್ಚಿದ. ಒಳಗಿನಿಂದ ಮುರಿದ ಹಲ್ಲಿನ ಚಕ್ರವೊಂದನ್ನು ತೆಗೆದು ನನ್ನ ಕೈಗೆ ಕೊಟ್ಟ. "ಹಗರಿಬೊಮ್ಮನಹಳ್ಳಿ ಸಂತಿಯಾಗ ಹಳೇ ಕಬ್ಬಿಣದವ ಕುಂದರ್ತಾನ. ಇದನ್ನ ತೋರ್ಸಿ ಇಂಥಾದ್ದ ತಗಂಬಾ. ಹಲ್ಲು ಎಣಿಸ್ಕೊಂಡು ತಗಾ."

ಹೋದೆ. ಕಬ್ಬಿಣದವ ನಮ್ಮ ಚಕ್ರ ಇಸಿದುಕೊಂಡು, ಗುಡ್ಡದಂಥ ತನ್ನ ರಾಶಿಯ ಮೇಲೆ ಇಟ್ಟು, ಅಂಥದ್ದೇ ಹುಡುಕಲು ಶುರು ಮಾಡಿದ. ನಾನು ಅಷ್ಟರಲ್ಲಿ ಮಂಡಕ್ಕಿ ಮಿರ್ಚಿ ತಿಂದು ಬಂದೆ. ಅವನು ಒಂದು ಚಕ್ರ ಎತ್ತಿ ಹಿಡಿದು, "ನೋಡು ತಮ್ಮಾ, ತದ್ರೂಪ ಅದ!" ಅಂದ. ನಿಜವಾಗಿಯೂ ತದ್ರೂಪವೇ ಇತ್ತು. ಖುಷಿಯಿಂದ ತಂದೆ.

ಚಾಚಾ ಅದನ್ನು ತಿರುಗಿಸಿ ನೋಡಿದ, ಮತ್ತೆ ತಿರುಗಿಸಿದ. "ಬೇಟಾ, ಇದರ ಮ್ಯಾಲೆ ನಾನು ಹಚ್ಚಿದ ಸುಣ್ಣದ ಗುರುತು ಇನ್ನೂ ಹಂಗ ಐತಿ."

ನಮ್ಮದೇ ಚಕ್ರವನ್ನು ನಾವೇ ಕೊಂಡುಕೊಂಡಿದ್ದೆವು. ಮದುವೆ ಮಾತು ಇನ್ನೊಂದು ಸಲ ಮುಂದಕ್ಕೆ ಹೋಯಿತು. ಆ ಕಡೆಯಿಂದ ಈ ಸಲ ಖಡಕ್ಕಾಗಿ ಉತ್ತರ ಬಂತು: ಇನ್ನೊಮ್ಮೆ ದಿನ ತಪ್ಪಿದರೆ ಬೇರೆ ಕಡೆ ನೋಡುತ್ತೇವೆ. ಅಕ್ಕ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಅಪ್ಪ ಮಾತ್ರ ಸಿಟ್ಟು ಮಾಡಲಿಲ್ಲ. "ಪರೀಕ್ಷಿಗೂ ಹಿಂಗ ಚಾಚಾ" ಅಂದ. "ಹೆಂಗ ಹೋಗಿರ್ತಾನ, ಹಂಗ ವಾಪಸ್ ಬರ್ತಾನ."

ಕಾರು ಶುರುವಾಯಿತು

ಮನೆಯವರ ಬಾಡಿದ ಮುಖ ನೋಡಲಾರದೆ, ಒಂದು ಸಲ ನಗಿಸೋಣ ಅಂತ ನಾನೊಂದು ಕಿತಾಪತಿ ಮಾಡಿದೆ.

ನಮ್ಮ ಹಿತ್ತಿಲ ಗೋಡೆಯ ಆಚೆ ಹಿಟ್ಟಿನ ಗಿರಣಿ. ಅಲ್ಲಿಯ ಹುಡುಗ ನನ್ನ ದೋಸ್ತ. ಮನೆಯ ಜೋಳದ ಬುಟ್ಟಿಯನ್ನು ಅವನಿಗೆ ಮುಟ್ಟಿಸಿ, "ನಾನು ಗೋಡಿ ಮ್ಯಾಲಿಂದ ಮಣ್ಣಿನ ಹೆಂಟಿ ಒಗದಕೂಡ್ಲೇ ಇಂಜಿನ್ ಹಚ್ಚಲೇ" ಅಂದೆ. ಚಾಚಾ ಅದೇ ಚಕ್ರದ ಹಲ್ಲಿಗೆ ಬೆಸುಗೆ ಹಾಕಿ ಮತ್ತೆ ಕೂರಿಸಿ ಹೋಗಿದ್ದ. ಅಪ್ಪ ದಿನದ ಹಾಗೆ ಬೆಳಿಗ್ಗೆ ಎದ್ದು ಕಾರಿನ ಮೂತಿಗೆ ಹ್ಯಾಂಡಲ್ ಹಾಕಿ ತಿರುವಿದ. ಒಂದು. ಎರಡು. ಮೂರನೆಯದಕ್ಕೆ ನಾನು ಹೆಂಟೆ ಒಗೆದೆ.

ಡುಗ್ ಡುಗ್ ಡುಗ್! ನೆಲ ನಡುಗಿತು. ಕಾರಿನ ಬಾಗಿಲುಗಳೂ ನಡುಗಿದವು.

"ಶುರುವಾತು! ಏ ಇವಳ, ಶುರುವಾತು!" ಅಂತ ಅಪ್ಪ ಹ್ಯಾಂಡಲ್ ಎತ್ತಿ ಕುಣಿದ. ನಾನು ನಗುವಷ್ಟರಲ್ಲಿ ಒಳಗೆ ಓಡಿದ. ನಾವು ಬರುವ ದಿನವೊಂದನ್ನು ಬಿಟ್ಟು ಉಳಿದದ್ದೆಲ್ಲ ಬರೆದಿಟ್ಟಿದ್ದ ಕಾರ್ಡನ್ನು ತೆಗೆದು, 'ಬರುವ ಸೋಮವಾರ' ಅಂತ ತುಂಬಿ, ಚಪ್ಪಲಿ ಸಹ ಹಾಕದೆ ಓಣಿಯ ತುದಿಯ ಅಂಚೆ ಪೆಟ್ಟಿಗೆಗೆ ಹಾಕಿ ಬಂದ. ನಾನು ಬೇಡ ಅನ್ನಲು ಹಿಂದೆ ಓಡಿದೆ. ಖುಷಿಯಲ್ಲಿ ಓಡುವ ಅಪ್ಪನನ್ನು ಹಿಡಿಯಲು ಆಗಲಿಲ್ಲ.

ಅವನು ಬಂದು ಕಾರಿಗೆ ಊದಿನಕಡ್ಡಿ ಬೆಳಗುತ್ತಿದ್ದ. ಗೋಡೆಯ ಮೇಲೆ ಗಿರಣಿ ಮಾಲೀಕರ ತಲೆ ಕಾಣಿಸಿತು. "ಕಂಡಕ್ಟ್ರೇ, ನಿಮ್ಮ ಜ್ವಾಳ ಮುಗದ್ವು. ಇನ್ನೂ ಇದ್ರ ಕೊಟ್ಟು ಕಳಸ್ರಿ, ಇಲ್ಲಾಂದ್ರ ಇಂಜಿನ್ ಬಂದ್ ಮಾಡ್ತೀನಿ."

ನನಗೆ ಬಿದ್ದ ಏಟಿನ ವಿಷಯ ಬಿಡಿ. ಅಪ್ಪ ಪೋಸ್ಟಾಫೀಸಿಗೆ ಓಡಿದ. ಪೋಸ್ಟ್‌ಮನ್ ಬಾಗಿಲಲ್ಲೇ ಸಿಕ್ಕ. "ಕಾರ್ಡು ಆಗಲೇ ಚೀಲದಾಗ ಬಸ್ಸಿಗೆ ಹೋತಲ್ರಿ. ಓದಿ ಭಾಳ ಸಂತೋಷ ಆತು. ದಾರಿಯಾಗ ಸಿಕ್ಕಿದ್ದ ಹತ್ತು ಮಂದಿಗೂ ಹೇಳೀನಿ!"

ಮನೆ ನೋಡಿದ್ದು

ಉಳಿದದ್ದು ಐದು ದಿನ. ಚಾಚಾ ತನ್ನ ಅಂಗಡಿಗೆ ಬೀಗ ಹಾಕಿ ನಮ್ಮ ಹಿತ್ತಿಲಿಗೆ ಬಂದು ಕೂತ. ಸೈಕಲ್ ಟ್ಯೂಬು, ಪಂಪ್‌ಸೆಟ್ಟಿನ ಬೆಲ್ಟು, ಅವ್ವನ ಸೀರೆಯ ಅಂಚು, ಏನು ಕೈಗೆ ಸಿಕ್ಕಿತೋ ಅದನ್ನೆಲ್ಲ ಒಳಗೆ ಸೇರಿಸಿದ. ದಿನಾ ನಾವೆಲ್ಲ ಓಣಿಯ ಈ ತುದಿಯಿಂದ ಆ ತುದಿಗೆ ದಬ್ಬಿದೆವು. ಭಾನುವಾರ ಸಂಜೆ ಅದು ಕೆಮ್ಮಿತು, ಹೊಗೆ ಉಗುಳಿತು, ಓಡಿತು. ಗಿರಣಿ ಬಂದ್ ಇದೆಯೇ ಅಂತ ಅಪ್ಪ ಮೊದಲು ಗೋಡೆ ಹತ್ತಿ ನೋಡಿಕೊಂಡ.

"ಒಂದ ತೊಂದ್ರಿ ಕಂಡಕ್ಟರ್ ಸಾಹೇಬ್ರ" ಅಂದ ಚಾಚಾ. "ಓಡೋತನ ಓಡತೈತಿ. ನಿಂತ್ರ ಆರತೈತಿ. ಆಮ್ಯಾಲೆ ಹ್ಯಾಂಡಲ್ಲಿಗೆ ಬಗ್ಗಂಗಿಲ್ಲ, ದಬ್ಬೇ ಹಚ್ಚಬೇಕು."

ಸೋಮವಾರ ಚಾಚಾ ಡ್ರೈವರ್, ಅಪ್ಪ ಮುಂದೆ, ಹಿಂದೆ ಅವ್ವ, ಅಕ್ಕ, ನಾನು. ಎಲ್ಲೂ ನಿಲ್ಲಿಸದೆ ಹರಪನಹಳ್ಳಿ ಮುಟ್ಟಿದೆವು. ಹುಡುಗನ ಮನೆ ನಾಲ್ಕೂ ಕಡೆ ಓಣಿ ಇರುವ ಒಂಟಿ ಮನೆ. ಮನೆಯವರೆಲ್ಲ ಬಾಗಿಲಲ್ಲಿ ನಿಂತಿದ್ದರು, ಅಜ್ಜಿ ಕಟ್ಟೆಯ ಮೇಲೆ ಕೂತಿದ್ದಳು. ಚಾಚಾ ಬ್ರೇಕಿನ ಮೇಲೆ ಕಾಲಿಟ್ಟ.

"ನಿಲ್ಲಿಸಬ್ಯಾಡ!" ಅಂದ ಅಪ್ಪ ಹಲ್ಲು ಕಚ್ಚಿ. "ಬೀಗರ ಮುಂದ ದಬ್ಬಿಸ್ಕೊಳ್ಳಾದೇನು? ಒಂದು ಸುತ್ತು ಹೊಡಿ, ಏನಾರ ವಿಚಾರ ಮಾಡೋಣು."

ಅಪ್ಪ ಕಿಟಕಿಯಿಂದ ಅರ್ಧ ಮೈ ಹೊರಹಾಕಿ, "ನಮಸ್ಕಾರ್ರೀ! ಎಲ್ಲಾರೂ ಆರಾಮ?" ಅಂದ. ಅವರು ಬಾಯಿ ತೆರೆಯುವಷ್ಟರಲ್ಲಿ ನಾವು ತಿರುವಿನಲ್ಲಿದ್ದೆವು.

ಎರಡನೆಯ ಸುತ್ತಿಗೆ ಹುಡುಗನ ಅಪ್ಪನ ಉತ್ತರ ಸಿಕ್ಕಿತು: "ಆರಾಮ್ರೀ! ಇಳೀರಿ, ನೀರು ತಗೋ..."

ಮೂರನೆಯದಕ್ಕೆ ನಮ್ಮಪ್ಪ: "ಇಳೀತೀವ್ರೀ! ಓಣಿ ಚಲೋ ಐತಿ, ನೋಡಾಕ ಹತ್ತೀವಿ!"

ನಾಲ್ಕನೆಯ ಸುತ್ತಿಗೆ ಹುಡುಗನ ಅವ್ವ ನೀರಿನ ಚೊಂಬು ಹಿಡಿದು ಕಾರಿನ ಜೊತೆ ಓಡಿದಳು. ಹಿಂದೆ ಮೂರು ನಾಯಿ. ಅಜ್ಜಿ ಕೂಗಿದ್ದು ನಮಗೂ ಕೇಳಿತು: "ಏನಲೇ ಇವರು? ನಮ್ಮ ಮನಿಗೆ ಪ್ರದಕ್ಷಿಣಿ ಹರಕಿ ಹೊತ್ತಾರೇನು?"

ಐದನೆಯದಕ್ಕೆ ಅಕ್ಕ, "ಚಾಚಾ, ನಿಲ್ಲಸ್ರಿ" ಅಂದಳು.

"ಆರತೈತಿ ಬೇಟಿ."

"ಆರ್ಲಿ."

ಆರಿತು. ಅಂಥ ಮೌನವನ್ನು ನಾನು ಪರೀಕ್ಷೆ ಹಾಲಿನಲ್ಲೂ ಕೇಳಿಲ್ಲ. ಅಪ್ಪ ತಲೆ ತಗ್ಗಿಸಿದ. ಅಕ್ಕ ಸೆರಗು ಸರಿ ಮಾಡಿಕೊಂಡು ಇಳಿದು ಹೋಗಿ ಅಜ್ಜಿಯ ಕಾಲು ಮುಟ್ಟಿದಳು.

"ಅಡಿಗಿ ಬರತೈತೇನವ್ವಾ?"

"ಬರತೈತಿ."

"ಹಾಡು?"

"ಒಂದೆರಡು."

"ಮತ್ತೇನೇನು ಬರತೈತಿ?"

ಅಕ್ಕನ ತಾಳ್ಮೆ ಮುಗಿದಿತ್ತು. "ಕಾರು ದಬ್ಬಾಕ ಬರತೈತಿ ಅಮ್ಮಾ. ಈಚೀಚೆಗೆ ಅದೊಂದು ಬಿಟ್ಟು ಬ್ಯಾರೆ ಏನೂ ಮಾಡಿಲ್ಲ."

ಅಜ್ಜಿ ನಕ್ಕ ನಗುವಿಗೆ ಬಾಯಲ್ಲಿನ ಎಲೆ ಅಡಿಕೆ ಹೊರಗೆ ಬಂತು. "ಇದ ಹುಡುಗಿ ಆಗ್ಲಿ!" ಅಂದಳು. ಮಾಸ್ತರ ಬಾಗಿಲ ಹಿಂದೆ ನಿಂತು ನಗುತ್ತಿದ್ದ.

ಒಳಗೆ ಉಪ್ಪಿಟ್ಟು, ಚಹಾ ಆಯಿತು. ಓಣಿಯ ನಾಲ್ಕು ಹಿರಿಯರು ಬಂದು ಕೂತರು. ಕೊಡುವ ತಗೊಳ್ಳುವ ಮಾತು ಬಂತು. ಅಪ್ಪ ಕೈ ಜೋಡಿಸಿ, "ನಿಮ್ಮ ಮನಸ್ನಾಗ ಏನೈತಿ ಹೇಳಿಬಿಡ್ರಿ. ನನ್ನ ಕೈಲಾದ್ದು ಮಾಡ್ತೀನಿ" ಅಂದ.

ಹುಡುಗನ ಅಪ್ಪ ಕಿಟಕಿಯಿಂದ ಹೊರಗೆ ನೋಡಿದ. ಗಂಟಲು ಸರಿ ಮಾಡಿಕೊಂಡ. ತಾಟಿನಿಂದ ವೀಳ್ಯದೆಲೆ ಎತ್ತಿ ಅಪ್ಪನ ಮುಂದೆ ಹಿಡಿದ.

"ಬಂಗಾರ ಬ್ಯಾಡ್ರಿ, ಪಾತ್ರಿ ಪಗಡ ಬ್ಯಾಡ್ರಿ. ಒಂದ ಮಾತು. ಹೊರಗ ನಿಂತೈತಲ್ಲ, ಅದನ್ನ ಅಳಿಯಗ ಉಡುಗೊರಿ ಕೊಡಂಗಿಲ್ಲ ಅಂತ ಈ ನಾಲ್ಕು ಮಂದಿ ಮುಂದ ವೀಳ್ಯ ಹಿಡದು ಆಣಿ ಮಾಡ್ರಿ."