ಬಿಡುಗಡೆ ತಡವಾದ ಭಾನುವಾರ

ಕಳೆದ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ತಿರುವನಂತಪುರದ ಒಂದು ಫ್ಲಾಟಿನಿಂದ ಒಂದು ಪ್ರೋಗ್ರಾಮಿಂಗ್ ಭಾಷೆಯ ಅಪ್‌ಡೇಟ್ ಬಿಡುಗಡೆಯಾಗಬೇಕಿತ್ತು. ಆಗಲಿಲ್ಲ. ಬಿಡುಗಡೆಯ ಗುಂಡಿ ಒತ್ತಬೇಕಾದವರು ಆ ಹೊತ್ತಿಗೆ ಡ್ರಿಲ್ಲಿಂಗ್ ಮೆಷಿನ್ ಹಿಡಿದು ಅಡುಗೆಮನೆಯ ಗೋಡೆಗೆ ತೂತು ಕೊರೆಯುತ್ತಿದ್ದರು. ಅವರು ನನ್ನ ಭಾವ, ಅಕ್ಕನ ಗಂಡ.

ಭಾವನ ಮೇಲೆ ನನ್ನದೊಂದು ಆರೋಪವಿದೆ. ಸಾಕ್ಷಿಗಳೂ ಇದ್ದಾರೆ. ಅವರಿಗೆ ಸೀನು ಬಂದರೂ ಮೊದಲು ಒಂದು ಪ್ರಾಯೋಗಿಕ ಸೀನು ಸೀನುತ್ತಾರೆ. ಅದರಲ್ಲಿ ದೋಷವೇನೂ ಇಲ್ಲ ಎಂದು ಖಚಿತವಾದ ಮೇಲೆಯೇ ನಿಜವಾದ ಸೀನಿನ ಬಿಡುಗಡೆ! ಇಂಥವರು ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಹೇಳಿದ ಹೊತ್ತಿಗೆ ಕೆಲಸ ಮುಗಿಸಲಿಲ್ಲ ಎಂದರೆ ಅದು ಸುದ್ದಿಯಲ್ಲವೇ?

ವಾರದ ದಿನಗಳಲ್ಲಿ ಭಾವ ಐಟಿ ಪಾರ್ಕಿನ ಒಂದು ಕಂಪನಿಯಲ್ಲಿ ಸಂಬಳಕ್ಕೆ ದುಡಿಯುತ್ತಾರೆ. ರಜೆಯ ದಿನಗಳಲ್ಲಿ ಸಂಬಳವಿಲ್ಲದೆ ಅದಕ್ಕಿಂತ ಹೆಚ್ಚು ದುಡಿಯುತ್ತಾರೆ. ಈ ಎರಡನೆಯದು ಓಪನ್ ಸೋರ್ಸ್ ಭಾಷೆಯ ಕೆಲಸ. ಕಂಪ್ಯೂಟರಿಗೆ ಏನು ಮಾಡಬೇಕೆಂದು ಹೇಳುವ ಭಾಷೆ ಅದು. ಯಾರೊಬ್ಬರ ಸೊತ್ತೂ ಅಲ್ಲ, ಎಲ್ಲರಿಗೂ ಬಿಟ್ಟಿ. ಊರ ಬಾವಿ ಇದ್ದ ಹಾಗೆ. ನೀರು ಸೇದಲು ಊರೆಲ್ಲ ಬರುತ್ತದೆ, ಹಗ್ಗ ಹರಿದ ದಿನ ಒಬ್ಬನೇ ಬರುತ್ತಾನೆ. ಆ ಒಬ್ಬ ನನ್ನ ಭಾವ.

ಅದರಲ್ಲೂ ಅವರದು ಹೊಸ ಆವೃತ್ತಿಯ ಕೆಲಸವಲ್ಲ. ಹೊಸ ಆವೃತ್ತಿ ವರ್ಷಕ್ಕೊಮ್ಮೆ ಬರುತ್ತದೆ, ಅದಕ್ಕೆ ಮದುವೆಮನೆಯ ಸಂಭ್ರಮ. ಭಾವನಿಗೆ ಒಪ್ಪಿಸಿರುವುದು ಹಳೆಯ ಆವೃತ್ತಿಯನ್ನು. ಅದಕ್ಕೆ ಹೊಸತೇನನ್ನೂ ಸೇರಿಸುವ ಹಾಗಿಲ್ಲ. ಕೆಟ್ಟದ್ದನ್ನು ಸರಿಪಡಿಸುತ್ತ, ನಡೆಯುತ್ತಿರುವುದನ್ನು ಕೆಡಿಸದೆ, ಕೆಲವು ತಿಂಗಳಿಗೊಂದು ಸಣ್ಣ ಅಪ್‌ಡೇಟ್ ಕೊಡುತ್ತಿರಬೇಕು. ಮದುವೆ ಮುಗಿದ ಮೇಲೆ ಪಾತ್ರೆ ತೊಳೆಯುವ ಇಲಾಖೆ!

ಅಮ್ಮನೂ ಈಗ ಅದೇ ಫ್ಲಾಟಿನಲ್ಲಿದ್ದಾರೆ. ಮಂಗಳೂರಿನಲ್ಲಿ ನಾವು ಬೆಳೆದ ಬಾಡಿಗೆ ಮನೆಯನ್ನು ಮಾಲೀಕರು ಕೆಡವಿದ ಮೇಲೆ, ಕಳೆದ ಮಳೆಗಾಲದಲ್ಲಿ ಅಕ್ಕ ಅವರನ್ನು ಕರೆತಂದಳು. ಅಮ್ಮನ ನೆನಪು ಸ್ವಲ್ಪ ಜಾರುತ್ತಿದೆ. ಕೈಗೆ ರೂಢಿಯಾದ ಕೆಲಸಗಳನ್ನು ಬಿಡದೆ ಮಾಡುತ್ತಿರಲಿ, ಅದು ನಿಂತರೆ ಮತ್ತೆ ಹಿಡಿಯುವುದು ಕಷ್ಟ ಎಂದು ಡಾಕ್ಟರು ಹೇಳಿದ್ದಾರೆ. ಆದರೆ ಬಂದ ಕೆಲವೇ ವಾರಗಳಲ್ಲಿ ಅಮ್ಮ ಅಡುಗೆಮನೆಗೆ ಕಾಲಿಡುವುದನ್ನೇ ಬಿಟ್ಟರು. ಸೋಫಾದ ತುದಿಯಲ್ಲಿ, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ನೆಂಟರ ಹಾಗೆ ಕೂತಿರುತ್ತಿದ್ದರು. ಸಂಜೆಯಾದರೆ ಒಂದೇ ಪ್ರಶ್ನೆ.

"ನಾವಿನ್ನು ಮನೆಗೆ ಹೊರಡುವುದಲ್ವಾ?"

ಹೋಗಲು ಆ ಮನೆಯೇ ಇಲ್ಲವಲ್ಲ.

ಅಮ್ಮನಿಗೂ ಭಾವನಿಗೂ ಪರಿಚಯವಾದದ್ದೇ ಒಂದು ಪರೀಕ್ಷೆಯಲ್ಲಿ. ಅಕ್ಕನನ್ನು ನೋಡಲು ಬಂದ ದಿನ ಭಾವ ಹೂಂ ಅನ್ನಲೂ ಇಲ್ಲ, ಉಹೂಂ ಅನ್ನಲೂ ಇಲ್ಲ. ಕಾಫಿ ಕುಡಿದು, "ಸಕ್ಕರೆ ಸ್ವಲ್ಪ ಹೆಚ್ಚಾಗಿದೆ" ಎಂದು ಮಾತ್ರ ಹೇಳಿ ಎದ್ದು ಹೋದರು. ಸಂಬಂಧ ಮುರಿಯಿತು ಎಂದು ಎಲ್ಲರೂ ತಿಳಿದೆವು. ಮರುವಾರ ಯಾರಿಗೂ ಹೇಳದೆ ಒಬ್ಬರೇ ಬಂದು ಬಾಗಿಲು ತಟ್ಟಿದರು.

"ಒಂದು ಸಲ ನೋಡಿದ್ದು ಲೆಕ್ಕಕ್ಕಿಲ್ಲ. ಎರಡನೇ ಸಲವೂ ಅದೇ ಫಲಿತಾಂಶ ಬರ್ತದಾ ನೋಡ್ಲಿಕ್ಕೆ ಬಂದೆ" ಎಂದರು.

ಅಮ್ಮ ಒಳಗೆ ಹೋಗಿ ಕಾಫಿ ತಂದರು. ಭಾವ ಕುಡಿದು, "ಇವತ್ತು ಸರಿಯಾಗಿದೆ" ಎಂದರು.

"ಆ ದಿನ ಮಾಡಿದ್ದು ಹುಡುಗಿ. ಇವತ್ತಿನದ್ದು ನಾನು" ಎಂದರು ಅಮ್ಮ. "ಈಗ ಯೋಚನೆ ಮಾಡಿ ಹೇಳಿ."

ಭಾವ ಯೋಚನೆ ಮಾಡಿದರು, ಒಪ್ಪಿದರು. ಅಮ್ಮನೂ ಒಪ್ಪಿದರು. "ಒಳ್ಳೆ ಹುಡುಗ. ಸ್ವಲ್ಪ ತಿರುಪು ಸಡಿಲ. ಅದನ್ನು ಅವಳೇ ಬಿಗಿ ಮಾಡಿಯಾಳು" ಎಂದು ನನ್ನ ಕಿವಿಯಲ್ಲಿ ಹೇಳಿದರು. ಅಕ್ಕ ಇನ್ನೂ ಬಿಗಿ ಮಾಡುತ್ತಲೇ ಇದ್ದಾಳೆ!

ಮದುವೆಯಾದ ಮೇಲೆ ಮನೆಗೂ ಆವೃತ್ತಿಗಳು ಬಂದವು. ಭಾವನ ಸಾಂಬಾರಿಗೆ ಸಂಖ್ಯೆಯಿದೆ. ಒಮ್ಮೆ ಅಲ್ಲಿಯ ಕನ್ನಡ ಸಂಘದ ಕೆಲವರು ಊಟಕ್ಕೆ ಬಂದಿದ್ದರು. ಬ್ಯಾಂಕಿನವರು, ಕೇಂದ್ರ ಸರ್ಕಾರದ ಕಚೇರಿಯವರು, ವರ್ಗವಾಗಿ ಬಂದು ಊರ ಸಾಂಬಾರಿಗೆ ಬಾಯಿ ಬಿಡುತ್ತಿದ್ದ ಜನ. ಭಾವ ಎಲ್ಲರ ಮುಂದೆ ಒಂದೊಂದು ಪುಟ್ಟ ಬಟ್ಟಲು ಇಟ್ಟು, "ಇದು ಅಂತಿಮ ಸಾಂಬಾರಲ್ಲ, ಬಿಡುಗಡೆಗೆ ಮುಂಚಿನದ್ದು. ದೋಷ ಇದ್ದರೆ ವರದಿ ಮಾಡಿ" ಎಂದರು.

ಮೈಸೂರಿನ ಕಡೆಯ ಒಬ್ಬ ಬ್ಯಾಂಕ್ ಮ್ಯಾನೇಜರು ಪಾಪ, "ಉಪ್ಪು ಒಂಚೂರು ಕಮ್ಮಿ ಆಗಿದೆ ಸಾರ್" ಅಂದುಬಿಟ್ಟರು.

"ಅನ್ನದ ಜೊತೆಗೋ, ಬರೀ ಸಾಂಬಾರೋ?"

"ಅನ್ನದ ಜೊತೆ..."

"ಸೌಟು ತಿರುಗಿಸಿ ಬಡಿಸಿಕೊಂಡ್ರಾ, ಮೇಲಿನ ನೀರು ಮಾತ್ರವಾ? ಇನ್ನೊಂದು ಸಲ ತಿನ್ನಿ. ಎರಡನೇ ಸಲವೂ ಕಡಿಮೆ ಅನ್ನಿಸಿದರೆ ಮಾತ್ರ ಅದು ದೋಷ."

ಮ್ಯಾನೇಜರು ಎರಡನೇ ಸಲ ತಿಂದು, ಉಪ್ಪು ಸರಿಯಾಗಿದೆ, ತಪ್ಪು ತಮ್ಮ ನಾಲಿಗೆಯದೇ ಎಂದು ಒಪ್ಪಿಕೊಂಡರು. ಸಾಲ ಕೇಳಲು ಬರುವ ಎಷ್ಟು ಜನರನ್ನು ಅವರು ಹೀಗೆಯೇ ಒಪ್ಪಿಸಿದ್ದರೋ!

ಇನ್ನು ಕುರ್ಚಿಯ ಪ್ರಕರಣ. ಭಾಷೆಯಿಂದ ಏನನ್ನಾದರೂ ತೆಗೆದುಹಾಕುವ ಮೊದಲು ಬಳಸುವವರಿಗೆ ತುಂಬ ಮುಂಚಿತವಾಗಿ ಎಚ್ಚರಿಕೆ ಕೊಡಬೇಕಂತೆ. ಅಕ್ಕ ಹಳೆಯ ಬೆತ್ತದ ಕುರ್ಚಿಯನ್ನು ಗುಜರಿಗೆ ಹಾಕೋಣ ಎಂದಾಗ ಭಾವ ಅದರ ಬೆನ್ನಿಗೆ ಚೀಟಿ ಅಂಟಿಸಿದರು: "ಗಮನಿಸಿ. ಈ ಕುರ್ಚಿ ಮುಂದಿನ ಆವೃತ್ತಿಯಲ್ಲಿ ಇರುವುದಿಲ್ಲ." ಮಲಯಾಳಂನಲ್ಲೂ ಬರೆದರು, ಏಕೆಂದರೆ ಬರುವವರಲ್ಲಿ ಹೆಚ್ಚಿನವರು ನೆರೆಮನೆಯವರು. ಅಲ್ಲಿಂದ ಮುಂದೆ ಅದರಲ್ಲಿ ಯಾರೂ ಕೂರಲಿಲ್ಲ. ಕೂತಾಗಲೇ ಮುಂದಿನ ಆವೃತ್ತಿ ಬಂದರೆ ಏನು ಗತಿ? ಭಾವನ ಮಗಳು ಶಾಲೆಯ ಗೆಳತಿಯರನ್ನು ಮನೆಗೆ ಕರೆಯುವುದನ್ನೇ ನಿಲ್ಲಿಸಿದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಮಲಯಾಳಂನಲ್ಲಿ. "ಮದಿ ಅಪ್ಪಾ, ಮದಿ! ನಾಣಕ್ಕೇಡ್!" ಎಂದು ಕೈಮುಗಿದಳು. ಸಾಕು, ನಾಚಿಕೆಗೇಡು ಎನ್ನುವುದು ಯಾವ ಭಾಷೆಯಲ್ಲಾದರೂ ಮುಖದಲ್ಲೇ ಗೊತ್ತಾಗುತ್ತದೆ.

ಅವರು ಕೊಚ್ಚಿಗೆ ನನ್ನಲ್ಲಿಗೆ ಬಂದಾಗಿನದು ಇನ್ನೊಂದು. ವೈಟ್ಟಿಲದಲ್ಲಿ ಬಸ್ಸಿಳಿದು ನಡೆಯುವಾಗ ಹೊಸ ಹೋಟೆಲೊಂದರ ಉದ್ಘಾಟನೆ ನಡೆಯುತ್ತಿತ್ತು. ಬಾಗಿಲಲ್ಲಿ ಬಾಳೆಕಂಬ, ಒಳಗೆ ಬಂದವರಿಗೆಲ್ಲ ಪಾಯಸ ಬಿಟ್ಟಿ. ನನಗೆ ಹಸಿವು. ಭಾವ ಮೆಟ್ಟಿಲ ಬಳಿಯೇ ನಿಂತರು.

"ಮೊದಲ ದಿನದ ಆವೃತ್ತಿಯನ್ನು ಬುದ್ಧಿ ಇದ್ದವರು ಮುಟ್ಟುವುದಿಲ್ಲ ಮಾರಾಯ. ಒಂದು ರಿಪೇರಿ ಆಗಲಿ."

"ಪಾಯಸಕ್ಕೆ ಎಂತ ರಿಪೇರಿ ಭಾವ?"

"ನೋಡುವಾ."

ಪಕ್ಕದ ತಟ್ಟುಕಡದಲ್ಲಿ, ಅಂದರೆ ಬೀದಿಬದಿಯ ಗಾಡಿಯಲ್ಲಿ, ದೋಸೆ ತಿಂದು ಮನೆಗೆ ಹೋದೆವು. ತಿಂಗಳ ಮೇಲೆ ಅದೇ ಹೋಟೆಲಿಗೆ ಹೋದಾಗ ಅಡುಗೆಯವರು ಬದಲಾಗಿದ್ದರು, ಮೆನು ಬದಲಾಗಿತ್ತು, ಹೆಸರಿನ ಬೋರ್ಡೂ ಬದಲಾಗಿತ್ತು. ಭಾವ ತೃಪ್ತಿಯಿಂದ ಒಳಗೆ ಕೂತರು. ಅಲ್ಲೇ ನಾನು ಕೇಳಿದೆ, ಎಲ್ಲರೂ ಹೊಸದರ ಹಿಂದೆ ಹೋಗುವಾಗ ಈ ಹಳೆಯ ಆವೃತ್ತಿಯನ್ನು ಯಾಕೆ ಕಾಯುತ್ತೀರಿ ಎಂದು. ನೀವೂ ಹೊಸದಕ್ಕೆ ಸೇರಿದರೆ ಹೆಸರಾದರೂ ಬರುತ್ತದೆ.

ಭಾವ ಅಪ್ಪಂ ಮುರಿಯುತ್ತ, "ಅದರ ಮೇಲೆ ಬದುಕುವವರು ಇನ್ನೂ ಇದ್ದಾರೆ ಮಾರಾಯ. ಎಲ್ಲರಿಗೂ ಬದಲಾಗ್ಲಿಕ್ಕೆ ಆಗುವುದಿಲ್ಲ" ಎಂದರು. ಮತ್ತೆ ಕಡಲೆಕರಿಯ ಕಡೆ ಗಮನ ಕೊಟ್ಟರು.

ಇಂಥ ಮನುಷ್ಯ ಇದ್ದಕ್ಕಿದ್ದಂತೆ ಸುಮ್ಮನಾದರೆ? ಹೋದ ವಾರ ಅಕ್ಕ ಫೋನು ಮಾಡಿದಳು.

"ನಿನ್ನ ಭಾವನಿಗೆ ಎಂತದೋ ಆಗಿದೆ. ಮನೆಯಲ್ಲಿ ಒಂದೂ ಅಪ್‌ಡೇಟ್ ಇಲ್ಲ ಈಗ! ಸಾಂಬಾರು ತಿಂಗಳುಗಟ್ಟಲೆಯಿಂದ ಅದೇ. ಸ್ಟೂಲು ಹಾಕ್ಕೊಂಡು ಅಡುಗೆಮನೆಯಲ್ಲಿ ಕೂತಿರ್ತಾರೆ, ಮಡಿಲಲ್ಲಿ ಲ್ಯಾಪ್‌ಟಾಪು. ದಿನಾ ಅಮ್ಮನನ್ನು ಕರೆಯುವುದು, ಅತ್ತೆ, ಕಾಫಿ ಮಾಡ್ತೀರಾ ಅಂತ. ಅವರಿಗೆ ಆಗುವುದಿಲ್ಲ ಅಂತ ಗೊತ್ತುಂಟಲ್ಲಾ? ಅಮ್ಮ ಬರ್ತಾರೆ, ಗೋಡೆ ತಡವ್ತಾರೆ, ಎಂತದೂ ಸಿಗದೆ ಅಳುವ ಮುಖ ಮಾಡಿ ಹೋಗ್ತಾರೆ. ಅಮ್ಮನನ್ನೂ ಟೆಸ್ಟ್ ಮಾಡ್ತಿದ್ದಾರೆ! ನೀನು ಬಂದು ಹೇಳು. ನನ್ನ ಮಾತು ಕೇಳುವುದಿಲ್ಲ."

ಅವಳ ಸ್ವರ ತಮಾಷೆಯದಾಗಿರಲಿಲ್ಲ. ಶನಿವಾರದ ರೈಲು ಹಿಡಿದೆ.

ಆ ಅಡುಗೆಮನೆ ಅಕ್ಕನ ಹೆಮ್ಮೆ. ಅಮ್ಮ ಬರುವ ಸ್ವಲ್ಪ ಮುಂಚೆ ಮಾಡಿಸಿದ್ದು. ಒಂದು ಡಬ್ಬವೂ ಕಣ್ಣಿಗೆ ಬೀಳುವುದಿಲ್ಲ. ಎಲ್ಲವೂ ಹಿಡಿಯಿಲ್ಲದ ಬಿಳಿ ಡ್ರಾಯರುಗಳ ಒಳಗೆ. ಒತ್ತಿದರೆ ತೆರೆಯುತ್ತವೆ, ಒರಗಿದರೂ ತೆರೆಯುತ್ತವೆ. ಗೋಡೆಗೆ ಒಲೆಯಿಂದ ಮೇಲಿನವರೆಗೆ ಹೊಳೆಯುವ ಟೈಲ್ಸ್. ನಾನು ಹೋದಾಗ ಆ ಟೈಲ್ಸಿನ ಮೇಲೆ, ಒಲೆಯ ಎಡಕ್ಕೆ, ಭುಜದ ಎತ್ತರದಲ್ಲಿ, ಪೆನ್ಸಿಲಿನ ಪುಟ್ಟ ಪುಟ್ಟ ಗುರುತುಗಳಿದ್ದವು. ಒಂದರ ಪಕ್ಕ ಒಂದು, ಗುಂಪಾಗಿ.

"ಇದೆಂತ ಭಾವ?"

"ನಾಳೆ ಹೇಳ್ತೇನೆ. ನಾಳೆ ಬಿಡುಗಡೆ ಉಂಟು" ಎಂದರು.

ಭಾಷೆಯ ಅಪ್‌ಡೇಟಿನ ಮಾತು ಎಂದು ನಾನು ತಿಳಿದೆ.

ಭಾನುವಾರ ಹತ್ತು ಗಂಟೆಗೆ ಡ್ರಿಲ್ಲಿಂಗ್ ಮೆಷಿನ್ ಕಿರುಚಿತು. ಅಕ್ಕ ಓಡಿ ಬಂದಳು. ಟೈಲ್ಸಿನ ಪುಡಿ ಒಲೆಯ ಮೇಲೆಲ್ಲ ಹಾರುತ್ತಿತ್ತು.

"ಅಯ್ಯೋ! ಇವರಿಗೆ ಯಾರಾದರೂ ಹೇಳಿ! ಹೊಸ ಗೋಡೆ ಅದು!"

ಅತ್ತ ಲ್ಯಾಪ್‌ಟಾಪಿನಲ್ಲಿ ಮೇಲಿಂದ ಮೇಲೆ ಸಂದೇಶಗಳು. ಮಗಳು ಅದನ್ನು ಎತ್ತಿಕೊಂಡು ಬಂದು, "ಎಲ್ಲಾರುಂ ವೆಯ್ಟ್ ಚೆಯ್ಯುವಾ ಅಪ್ಪಾ!" ಎಂದಳು.

"ಕಾಯಲಿ" ಎಂದರು ಭಾವ. ಹಾಗೆ ಅವರು ಹೇಳಿದ್ದನ್ನು ಆ ಮನೆಯಲ್ಲಿ ಯಾರೂ ಅದುವರೆಗೆ ಕೇಳಿರಲಿಲ್ಲ.

ಫ್ಲಾಟಿನ ಸೆಕ್ರೆಟರಿಯವರೂ ಬಂದು ಬೆಲ್ ಒತ್ತಿದರು. "ಸಾರೇ, ಸನ್‌ಡೇ ಡ್ರಿಲ್ಲಿಂಗ್ ಪಾಡಿಲ್ಲ!" ಭಾನುವಾರ ಕೊರೆಯುವ ಹಾಗಿಲ್ಲ ಎಂಬ ನಿಯಮ ಮಾಡಿದವರೇ ಅವರು. ಭಾವ ಕೈಮುಗಿದು, ಇನ್ನೊಂದೇ ತೂತು ಚೇಟ್ಟಾ ಎಂದು ಬೇಡಿಕೊಂಡರು. ಸೆಕ್ರೆಟರಿಯವರು ಒಳಗೆ ಇಣುಕಿದರು. ಕಣ್ಣು ಕೆಂಪಾಗಿಸಿಕೊಂಡು ನಿಂತಿದ್ದ ಅಕ್ಕನನ್ನು ನೋಡಿ, ಇಲ್ಲಿ ತಮ್ಮ ನಿಯಮದ ಅಗತ್ಯವಿಲ್ಲ ಎಂದುಕೊಂಡರೋ ಏನೋ, ಲಿಫ್ಟಿನ ಕಡೆ ತಿರುಗಿದರು.

ಆ ಬಿಳಿ ಗೋಡೆಗೆ ಭಾವ ಒಂದು ಮರದ ಹಲಗೆ ಕೂರಿಸಿದರು. ಮತ್ತೆ ಸ್ಟೂಲು ಹತ್ತಿ, ಅಟ್ಟದಲ್ಲಿ ಅಕ್ಕ ಕಟ್ಟಿಟ್ಟಿದ್ದ ಅಮ್ಮನ ಹಳೆಯ ಸಾಮಾನಿನ ರಟ್ಟಿನ ಪೆಟ್ಟಿಗೆ ಇಳಿಸಿದರು. ಒಳಗಿದ್ದ ಡಬ್ಬಗಳನ್ನು ಒರೆಸಿ ತುಂಬಿಸಿದರು: ಮುಚ್ಚಳ ನೆಗ್ಗಿದ ಸ್ಟೀಲ್ ಡಬ್ಬದಲ್ಲಿ ಸಕ್ಕರೆ, ಅದರ ಬಲಕ್ಕೆ ಉದ್ದನೆಯ ಡಬ್ಬದಲ್ಲಿ ಕಾಫಿ ಪುಡಿ, ಕೊನೆಯಲ್ಲಿ ಉಪ್ಪಿನ ಭರಣಿ. ಪೆನ್ಸಿಲ್ ಗುರುತುಗಳಿದ್ದ ಕಡೆಯೇ ಒಂದೊಂದನ್ನೂ ಇಟ್ಟರು.

"ಆ ಮನೆಯಲ್ಲಿ ಹಲಗೆ ಇದ್ದದ್ದು ಇಲ್ಲಿ. ಅತ್ತೆಯ ಕೈ ದಿನಾ ಇಲ್ಲಿಗೇ ಬರ್ತಿತ್ತು" ಎಂದರು ಅಕ್ಕನಿಗೆ, ಮೆಲ್ಲಗೆ. "ಅವರು ಮರೆತದ್ದಲ್ಲ. ಕೈಗೆ ಸರಿಯಾಗಿ ಗೊತ್ತುಂಟು. ನಾವು ಇಟ್ಟದ್ದು ತಪ್ಪು ಜಾಗದಲ್ಲಿ."

ಅಕ್ಕ ಸೆರಗಿನಿಂದ ಒಲೆಯ ಮೇಲಿನ ಪುಡಿ ಒರೆಸತೊಡಗಿದಳು.

ಭಾವ ಹೊರಗೆ ಹೋದರು. "ಅತ್ತೆ, ಒಂದು ಕಾಫಿ ಮಾಡ್ತೀರಾ?"

ಅಮ್ಮ ಕೈಚೀಲ ಸೋಫಾದಲ್ಲಿಟ್ಟು ಬಂದರು. ಒಲೆಯ ಮುಂದೆ ನಿಂತರು. ಗೋಡೆ ನೋಡಲಿಲ್ಲ, ಯಾರನ್ನೂ ನೋಡಲಿಲ್ಲ. ಎಡಗೈ ಚಾಚಿದರು. ಸಕ್ಕರೆಯ ಡಬ್ಬ ಕೈಗೆ ಬಂತು. ಮುಚ್ಚಳವನ್ನು ನೆಗ್ಗಿದ ಕಡೆಯಿಂದ ಹೆಬ್ಬೆರಳಲ್ಲಿ ಎತ್ತಿದರು. ಹಾಲು ಬಿಸಿಗಿಟ್ಟು ಫಿಲ್ಟರಿನ ಒಳಗೆ ಇಣುಕಿ, ಅಕ್ಕನ ಕಡೆ ತಿರುಗಿದರು.

"ಡಿಕಾಕ್ಷನ್ ಯಾರು ಹಾಕಿದ್ದು? ನೀರು ನೀರು! ಎಷ್ಟು ಹೇಳಿದರೂ ನಿನಗೆ ಬರುವುದಿಲ್ಲ ಅಲ್ವಾ?"

"ಇಲ್ಲ ಅಮ್ಮ" ಎಂದಳು ಅಕ್ಕ. ಬೈಸಿಕೊಂಡು ಅಷ್ಟು ಖುಷಿಪಟ್ಟವರನ್ನು ನಾನು ಬೇರೆ ಕಂಡಿಲ್ಲ.

ಭಾಷೆಯ ಅಪ್‌ಡೇಟ್ ಮಧ್ಯಾಹ್ನದ ಊಟದ ಮೇಲೆ ಬಿಡುಗಡೆಯಾಯಿತು. ಅದರ ಜೊತೆಗಿನ ಪ್ರಕಟಣೆಯಲ್ಲಿ ಭಾವ ತಡಕ್ಕೆ ಕ್ಷಮೆ ಕೋರಿ ಕಾರಣವನ್ನೂ ಬರೆದಿದ್ದಾರೆ: ಸ್ಥಳೀಯ ದುರಸ್ತಿ.

ಅಕ್ಕ ಇಂದು ಬೆಳಿಗ್ಗೆ ಫೋನಿನಲ್ಲಿ ತಿಳಿಸಿದ ಪ್ರಕಾರ, ನಿನ್ನೆ ಸಂಜೆಯೂ ಅಮ್ಮ ಮನೆಗೆ ಹೊರಡುವುದಲ್ವಾ ಎಂದು ಕೇಳಿದರು. ಇಂದು ಎಲ್ಲರಿಗಿಂತ ಮೊದಲು ಎದ್ದು ತಾವೇ ಕಾಫಿ ಮಾಡಿದರು. ಭಾವನ ಲೋಟಕ್ಕೆ ಸಕ್ಕರೆ ಎರಡು ಸಲ ಬಿದ್ದಿತ್ತು. ಭಾವ ಪೂರ್ತಿ ಕುಡಿದರು. ದೋಷ ವರದಿ ಮಾಡಲಿಲ್ಲ.